ಮಗಳ ಹೃದಯದ ಆಪರೇಷನ್‌ಗೆ ಕಾಸರಗೋಡಿನ ಬದಿಯಡ್ಕದಿಂದ ಅಮೆರಿಕಕ್ಕೆ

ಮೊದಲೇ ಹೇಳಿಬಿಡ್ತೇನೆ, ಮಗುವಿನ ಹೃದಯದಲ್ಲಿ ತೂತು ಅಂದ ಕೂಡಲೇ ವಿದೇಶಕ್ಕೆ ಓಡಬೇಕಾಗಿಲ್ಲ. ಅಂಥ ಆಪರೇಷನ್ ಹೆಚ್ಚಿನವು ನಮ್ಮಲ್ಲೇ ಚೆನ್ನಾಗಿ ಆಗುತ್ತವೆ. ಕೇರಳದಲ್ಲಿ ಹೃದಯದ ತೊಂದರೆಯಿರುವ ಮಕ್ಕಳಿಗಾಗಿ ಸರ್ಕಾರದ ‘ಹೃದ್ಯಂ’ ಯೋಜನೆಯೂ ಇದೆ, ಮೊದಲು ಅಲ್ಲಿ ಹೆಸರು ಬರೆಸಿ.

ನಮ್ಮ ಮಗಳದ್ದು ಬೇರೆ ಥರ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯೇ ಮುಚ್ಚಿತ್ತು, ಬದಲಿಗೆ ಮಹಾಧಮನಿಯಿಂದ ಅಡ್ಡಾದಿಡ್ಡಿ ಕವಲುಗಳು ಹೊರಟು ರಕ್ತ ಮುಟ್ಟಿಸುತ್ತಿದ್ದವು. ಡಾಕ್ಟರು ಈ ಕವಲುಗಳಿಗೆ ಮ್ಯಾಪ್ಕಾ ಅಂತಾರೆ. ಆ ಕವಲುಗಳನ್ನು ಒಟ್ಟು ಸೇರಿಸಿ ಹೊಲಿಯುವುದರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮಕ್ಕಳ ಆಸ್ಪತ್ರೆಗೆ ಹೆಸರಿದೆ. ನನ್ನ ತಮ್ಮ ಅಲ್ಲೇ ಹತ್ತಿರ ಸನಿವೇಲ್‌ನಲ್ಲಿದ್ದಾನೆ, ಇಲ್ಲದಿದ್ದರೆ ಅಡಿಕೆ ತೋಟ ನೋಡಿಕೊಂಡಿರುವ ನಾವು ಅಷ್ಟು ದೂರದ ಯೋಚನೆ ಮಾಡುತ್ತಿರಲಿಲ್ಲ.

ಟಿಕೆಟ್ ಆಮೇಲೆ. ಮೊದಲು ಎಕೋ (ಹೃದಯದ ಸ್ಕ್ಯಾನಿಂಗ್), ಸಿಟಿ ಸ್ಕ್ಯಾನ್, ಕ್ಯಾಥ್ (ರಕ್ತನಾಳದೊಳಗೆ ಸಣ್ಣ ಕೊಳವೆ ಹಾಕಿ ಮಾಡುವ ಹೃದಯದ ಪರೀಕ್ಷೆ) ರಿಪೋರ್ಟುಗಳು ಅಲ್ಲಿಗೆ ಹೋಗಬೇಕು. ಬರೀ ರಿಪೋರ್ಟ್ ಸಾಲದು, ಚಿತ್ರಗಳ ಸಿಡಿಯೇ ಬೇಕು. ಅವರು ನೋಡಿ, ಮಾಡಬಹುದು ಅಂದ ಮೇಲೆ ಅಂದಾಜು ಖರ್ಚಿನ ಪತ್ರ ಬರುತ್ತದೆ. ವೀಸಾಕ್ಕೂ ಬ್ಯಾಂಕಿಗೂ ಅದೇ ಆಧಾರ. ಪಾಸ್‌ಪೋರ್ಟ್ ಕಾಸರಗೋಡಿನ ಅಂಚೆ ಕಚೇರಿಯಲ್ಲೇ ಆಯಿತು. ಬ್ಯಾಂಕಿನಲ್ಲಿ ಹಣ ಕಳಿಸುವಾಗ ಉದ್ದೇಶ ‘ವೈದ್ಯಕೀಯ ಚಿಕಿತ್ಸೆ’ ಅಂತಲೇ ಬರೆಸಿ, ಬೇರೇನೋ ಹಾಕಿದರೆ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ, ಜಾಸ್ತಿ ಹಿಡಿಯುತ್ತಾರೆ.

ನನಗೆ ನಿದ್ದೆಗೆಡಿಸಿದ್ದು ವಿಮಾನ. ಹಾರುವಾಗ ಒಳಗಿನ ಗಾಳಿ ಆರೇಳು ಸಾವಿರ ಅಡಿ, ಕೆಲವೊಮ್ಮೆ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳು. ಮೊದಲೇ ತುಟಿ ಉಗುರು ನೀಲಿಗಟ್ಟಿರುವ ಮಗುವಿಗೆ ಆಮ್ಲಜನಕ ಇನ್ನೂ ಇಳಿಯುತ್ತದೆ. ಮನೆಯ ಸಿಲಿಂಡರ್ ವಿಮಾನದಲ್ಲಿ ಬಿಡುವುದಿಲ್ಲ. ಒಪ್ಪಿಗೆಯಿರುವ ಸಣ್ಣ ಕಾನ್ಸಂಟ್ರೇಟರ್ (ಸುತ್ತಲಿನ ಗಾಳಿಯಿಂದಲೇ ಆಮ್ಲಜನಕ ಒದಗಿಸುವ ಯಂತ್ರ) ಒಯ್ಯಬಹುದು, ಬ್ಯಾಟರಿ ಮಾತ್ರ ಪ್ರಯಾಣದ ಸಮಯಕ್ಕಿಂತ ಒಂದೂವರೆ ಪಟ್ಟು ಬರುವಷ್ಟು ಇರಲಿ, ವಿಮಾನ ತಡವಾಗುವುದು ಹೊಸತಲ್ಲ ಅಲ್ವಾ? ರೋಗಿಯ ಸ್ಥಿತಿ ತಿಳಿಸುವ, ಡಾಕ್ಟರು ತುಂಬಿದ ಮೆಡಿಫ್ ಫಾರ್ಮನ್ನು ವಿಮಾನ ಕಂಪನಿಗೆ ಮೊದಲೇ ಕಳಿಸಬೇಕು. ನಾವು ಕಳಿಸಿದ್ದರೂ ಕೌಂಟರಿನಲ್ಲಿ ‘ನಮಗೆ ಬಂದಿಲ್ಲ’ ಅಂದರು, ಕೈಯಲ್ಲಿ ಪ್ರತಿ ಇದ್ದದ್ದಕ್ಕೆ ಬಚಾವ್. ನೀರು ಕುಡಿಸುತ್ತಲೇ ಇರಬೇಕು, ಇಂಥ ಮಕ್ಕಳ ರಕ್ತ ದಪ್ಪ ಇರುತ್ತದೆ, ಒಣಗಿದರೆ ಹೆಪ್ಪುಗಟ್ಟುವ ಅಪಾಯ. ಔಷಧಿ ಎಲ್ಲ ಕೈಚೀಲದಲ್ಲಿ, ಚೀಟಿ ಸಮೇತ.

ಅಮ್ಮ ಕುಚ್ಚಲಕ್ಕಿ ಕಟ್ಟಿಕೊಟ್ಟಿದ್ದರು. ಫೋನಿನಲ್ಲಿ ತಮ್ಮ ‘ಬೇಡ ಅಕ್ಕ, ತೆಗೆದಿಡು’ ಅಂದ. ಧಾನ್ಯ ಹಾಳುಮಾಡುವ ಖಪ್ರಾ ಹುಳದ ಹೆದರಿಕೆಯಿಂದ ಭಾರತದ ಅಕ್ಕಿಯನ್ನು ಪ್ರಯಾಣಿಕರು ತಂದರೆ ಅಲ್ಲಿ ಒಳಗೆ ಬಿಡುವುದಿಲ್ಲವಂತೆ. ಸುಮ್ನೆ ಭಾರ. ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಮಟ್ಟ ಅಕ್ಕಿ ಸಿಗುತ್ತದೆ, ಗಂಜಿಗೆ ಅದೇ ಆಯಿತು.

ಆಪರೇಷನ್ ಚೆನ್ನಾಗಿ ಆಯಿತು. ಹಿಂದೆ ಬರುವ ಟಿಕೆಟ್ ಮಾತ್ರ ದಿನ ಬದಲಿಸಲು ಬರುವಂಥದ್ದೇ ಇರಲಿ. ಎದೆಯೊಳಗೆ ಶ್ವಾಸಕೋಶದ ಹೊರಗಡೆ ಗಾಳಿ ಉಳಿದಿಲ್ಲ ಅಂತ ಎಕ್ಸ್‌ರೇಯಲ್ಲಿ ಖಾತ್ರಿಯಾಗುವವರೆಗೆ ಹಾರಲು ಬಿಡುವುದಿಲ್ಲ, ಅದು ಯಾವಾಗ ಅಂತ ಮೊದಲೇ ಯಾರೂ ಹೇಳಲಾರರು. ಡಿಸ್ಚಾರ್ಜ್ ಕಾಗದದ ಜೊತೆ ಹೊಸ ಎಕೋದ ಸಿಡಿಯನ್ನೂ ಕೇಳಿ ತೆಗೆದುಕೊಳ್ಳಿ, ಮಂಗಳೂರಿನ ಡಾಕ್ಟರು ಮೊದಲು ಕೇಳಿದ್ದೇ ಅದನ್ನು.