ಡ್ರಿಲ್ ಅಗ್ಗದ್ದಾದರೇನು, ತೂತು ನೆಟ್ಟಗಿರಲಿ

ಅಗ್ಗದ ಬೆಂಚ್ ಡ್ರಿಲ್ (ಮೇಜಿನ ಮೇಲೆ ಕಂಬಕ್ಕೆ ನಿಲ್ಲಿಸಿದ ತೂತು ಕೊರೆಯುವ ಮೆಷೀನು) ತಂದವರ ದೂರುಗಳೆಲ್ಲ ಒಂದೇ ಥರ. ತೂತು ಸೊಟ್ಟ ಬರುತ್ತೆ, ಬಿಟ್ ಜಾರುತ್ತೆ, ಮೆಷೀನು ಗಡಗಡ ಅನ್ನುತ್ತೆ. ಹೋಗಿ ನೋಡಿದರೆ ಡಬ್ಬದಿಂದ ತೆಗೆದವರೇ ಪ್ಲಗ್ ಸಿಕ್ಕಿಸಿ, ದಪ್ಪ ಕಬ್ಬಿಣದ ಪಟ್ಟಿಗೆ ಬಿಟ್ ಇಳಿಸಿರುತ್ತಾರೆ. ನಾನೂ ಮೊದಲ ದಿನ ಇದನ್ನೇ ಮಾಡಿದ್ದೆ.

ಅಷ್ಟು ಕಡಿಮೆ ಬೆಲೆಗೆ ಮೆಷೀನು ಕೊಡಲು ಹೇಗೆ ಸಾಧ್ಯ? ಜೋಡಿಸಿ, ಅಳೆದು, ತಿದ್ದುವ ಫಿಟರ್‌ನ ಸಮಯವನ್ನು ಉಳಿಸಿರುತ್ತಾರೆ. ಆ ಕೆಲಸ ಈಗ ನಮ್ಮ ಪಾಲಿಗೆ ಬಂದಿದೆ. ಒಂದು ಮಧ್ಯಾಹ್ನ ಕೂತರೆ ಮುಗಿಯುತ್ತದೆ.

ಬೋಲ್ಟ್, ಬೆಲ್ಟ್, ಚಕ್

ಬುಡವನ್ನು ಬೆಂಚಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಇದಕ್ಕೆ ವಿವರಣೆ ಬೇಡ, ತಲೆ ಭಾರದ ಮೆಷೀನು, ಮುಗ್ಗರಿಸುತ್ತದೆ.

ಮೇಲಿನ ಮುಚ್ಚಳ ತೆಗೆದು ಎರಡು ಪುಲ್ಲಿಗಳ ಮೇಲೆ ಒಂದು ನೇರ ಪಟ್ಟಿ ಅಡ್ಡ ಇಡಿ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಪುಲ್ಲಿಯ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಸಡಿಲಿಸಿ ಸಮ ಮಾಡಿ. ಜೊತೆಗೆ ಬಂದ ಬೆಲ್ಟ್ ಡಬ್ಬದಲ್ಲಿ ಮಡಿಚಿ ಕೂತು ಗಂಟು ಹಿಡಿದಂತಾಗಿರುತ್ತದೆ. ಆ ಗಡಗಡ ಸದ್ದಿನ ಅರ್ಧ ಅದರದ್ದೇ. ಒಳ್ಳೆಯ ಬೆಲ್ಟ್ ಹಾಕಿ. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಮೊದಲು ಇದಕ್ಕೆ ಮಾಡಿ, ಲೇಸರ್ ಗೆರೆ ತೋರಿಸುವ ದೀಪಕ್ಕಲ್ಲ. ಆ ದೀಪ ನನ್ನ ಮೆಷೀನಿನಲ್ಲೂ ಇದೆ. ಅದು ತೋರಿಸಿದ ಕಡೆ ಬಿಟ್ ಒಂದು ದಿನವೂ ಇಳಿದಿಲ್ಲ.

ಬಿಟ್ ಹಿಡಿಯುವ ಚಕ್ ಕೂರುವ ಕೋನಾಕಾರದ ತುದಿಯಲ್ಲಿ ಕಾರ್ಖಾನೆಯ ಗ್ರೀಸ್ ಹಾಗೇ ಇರುತ್ತದೆ. ಅದನ್ನೂ ಚಕ್‌ನ ಒಳಭಾಗವನ್ನೂ ಥಿನ್ನರ್ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಎಣ್ಣೆ ಹಚ್ಚಬೇಡಿ. ಒಣ ಲೋಹ ಒಣ ಲೋಹವನ್ನು ಹಿಡಿಯಬೇಕು. ಚಕ್‌ನ ಹಲ್ಲುಗಳನ್ನು ಪೂರ್ತಿ ಒಳಗೆ ತಿರುಗಿಸಿ, ಕೆಳಗಿನಿಂದ ಮರದ ತುಂಡಿಟ್ಟು ಒಂದೆರಡು ಏಟು ಕೊಟ್ಟರೆ ಕೂತುಬಿಡುತ್ತದೆ. ಆಮೇಲೆ ಹೊಸ 10 ಮಿ.ಮೀ. ಬಿಟ್‌ನ ನುಣುಪಾದ ಹಿಡಿಯ ಭಾಗ ಕಾಣುವಂತೆ ಕಟ್ಟಿ, ಕೈಯಲ್ಲೇ ತಿರುಗಿಸಿ ನೋಡಿ. ತೂಗಾಡಿದರೆ ಚಕ್ ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ.

ಟೇಬಲ್ಲು: ಎಲ್ಲರೂ ಎಡವುವ ಜಾಗ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕು. ಟೇಬಲ್ಲಿನ ಕೆಳಗೆ ಡಿಗ್ರಿ ಗುರುತು ಇರುತ್ತದಲ್ಲ, ಅದರ ಸೊನ್ನೆಯನ್ನು ನಂಬಬೇಡಿ. ಸುಮ್ನೆ ಅಂಟಿಸಿದ ಸ್ಟಿಕ್ಕರು ಅದು.

ಹೆಚ್ಚಿನವರು ಬಿಟ್‌ಗೆ ಮೂಲೆಮಟ್ಟ ಹಿಡಿದು ನೋಡಿ 'ಸರಿಯಾಗಿದೆ' ಅಂದುಕೊಳ್ಳುತ್ತಾರೆ. ಬಿಟ್ಟೇ ಸೊಟ್ಟಗಿದ್ದರೆ? ಚಕ್ ಒಂಚೂರು ಓಲಿದ್ದರೆ? ನಮಗೆ ಬೇಕಿರುವುದು ಸ್ಪಿಂಡಲ್, ಅಂದರೆ ಚಕ್ ಹೊತ್ತು ತಿರುಗುವ ದಂಡ, ಸುತ್ತುವ ನಡುಗೆರೆ. ಅದನ್ನು ಹಿಡಿಯಲು ಒಂದು ಗಟ್ಟಿ ಕಂಬಿ ಸಾಕು.

4 ಅಥವಾ 5 ಮಿ.ಮೀ. ದಪ್ಪದ ಕಂಬಿ ತಗೊಳ್ಳಿ. ಸೈಕಲ್ ಕಡ್ಡಿ ಬೇಡ, ಬಾಗುತ್ತದೆ. ಎರಡು ಕಡೆ ಬಗ್ಗಿಸಿ: ಮೇಲಿನ ತುಂಡು ನೆಟ್ಟಗೆ ಚಕ್‌ಗೆ, ನಡುವಿನ 6–7 ಸೆಂ.ಮೀ. ಅಡ್ಡಕ್ಕೆ, ತುದಿ ಮತ್ತೆ ಕೆಳಗೆ ಟೇಬಲ್ಲಿನ ಕಡೆಗೆ. ಅಂದವಾಗಿ ಬಗ್ಗಬೇಕಾಗಿಲ್ಲ. ಅದೇ ತುದಿ ಎಲ್ಲ ಕಡೆಗೂ ಸುತ್ತಿ ಬರುವುದರಿಂದ ಕಂಬಿ ಎಷ್ಟು ವಕ್ರವಾಗಿದ್ದರೂ ಅಳತೆ ಸುಳ್ಳಾಗುವುದಿಲ್ಲ.

ಪ್ಲಗ್ ಕಿತ್ತಿಡಿ. ಟೇಬಲ್ಲನ್ನು ಕಂಬಕ್ಕೆ ಬಿಗಿ ಮಾಡಿ. ಬಿಗಿ ಮಾಡದೆ ಅಳೆದರೆ ಎಲ್ಲಾ ವ್ಯರ್ಥ, ಬಿಗಿಯುವಾಗಲೇ ಟೇಬಲ್ಲು ಅಲುಗುತ್ತದೆ. ಎಡಗಡೆ ಕಂಬಿಯ ತುದಿ ಮತ್ತು ಟೇಬಲ್ಲಿನ ನಡುವೆ ಬರೆಯುವ ಕಾಗದದ ಒಂದು ಚೂರು ಇಡಿ. ಕಾಗದ ಎಳೆದರೆ ಲಘುವಾಗಿ ಹಿಡಿಯುವಷ್ಟು ಸ್ಪಿಂಡಲ್ ಇಳಿಸಿ, ಅಲ್ಲೇ ಲಾಕ್ ಮಾಡಿ. ಈಗ ಚಕ್ ಅನ್ನು ಕೈಯಲ್ಲಿ ಬಲಗಡೆಗೆ ತಿರುಗಿಸಿ. ಅಲ್ಲಿ ಆ ಒಂದು ಚೂರಿನ ಮೇಲೆ ಇನ್ನೆಷ್ಟು ಕಾಗದ ಹಿಡಿಸುತ್ತದೆ ಎಣಿಸಿ. ಮಾಮೂಲಿ ಪ್ರಿಂಟರ್ ಕಾಗದ ಒಂದೊಂದೂ ಸುಮಾರು 0.1 ಮಿ.ಮೀ. ಬಲಗಡೆ ಕಂಬಿ ಟೇಬಲ್ಲಿಗೆ ತಾಗುವಂತಿದ್ದರೆ ಎಡಭಾಗ ತಗ್ಗು ಅಂತ ಅರ್ಥ. ಒತ್ತಿ ತಿರುಗಿಸಬೇಡಿ, ಬಲಗಡೆಯಿಂದ ಎಣಿಕೆ ಶುರು ಮಾಡಿ.

ನನ್ನದರಲ್ಲಿ ಇನ್ನೂ ಹನ್ನೆರಡು ಕಾಗದ ಹಿಡಿಸಿತ್ತು. 13 ಸೆಂ.ಮೀ. ಅಗಲಕ್ಕೆ 1.2 ಮಿ.ಮೀ., ಅಂದರೆ ಅರ್ಧ ಡಿಗ್ರಿಗಿಂತ ತುಸು ಜಾಸ್ತಿ. 50 ಮಿ.ಮೀ. ಮರದಲ್ಲಿ ತೂತು ಆಚೆ ಬರುವಾಗ ಹತ್ತಿರ ಹತ್ತಿರ ಅರ್ಧ ಮಿ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಎರಡು ಹಲಗೆಗೆ ಬೇರೆ ಬೇರೆ ತೂತು ಹಾಕಿ ಬೋಲ್ಟ್ ತೂರಿಸಲು ನೋಡಿದಾಗ ಸುತ್ತಿಗೆ ಯಾಕೆ ಬೇಕಾಗುತ್ತಿತ್ತು ಅಂತ ಆವತ್ತು ಗೊತ್ತಾಯಿತು.

ಎಡ-ಬಲ ಸರಿಮಾಡುವುದು ಸುಲಭ. ಟೇಬಲ್ಲಿನ ಕೆಳಗಿನ ದೊಡ್ಡ ಬೋಲ್ಟ್ ಸ್ವಲ್ಪವೇ ಸಡಿಲಿಸಿ, ಮರದ ಸುತ್ತಿಗೆಯಲ್ಲಿ ತಟ್ಟಿ, ಬಿಗಿದು, ಮತ್ತೆ ಅಳೆಯಿರಿ. ಸೊನ್ನೆಗೆ ನಿಲ್ಲಿಸುವ ಪಿನ್ನು ಇದ್ದರೆ ತೆಗೆದುಬಿಡಿ. ನಾಲ್ಕೈದು ಸಲ ಹೀಗೆ ಆಗುತ್ತದೆ, ತಾಳ್ಮೆ ಇರಲಿ. ಎರಡು ಕಾಗದದ ವ್ಯತ್ಯಾಸ ಉಳಿದರೆ ಸಾಕು, ಅಲ್ಲಿಗೆ ನಿಲ್ಲಿಸಿ. 25 ಮಿ.ಮೀ. ಆಳಕ್ಕೆ ಅದು 0.04 ಮಿ.ಮೀ. ಕೂಡ ದಾಟುವುದಿಲ್ಲ.

ಹಿಂದೆ-ಮುಂದೆ ಸರಿಮಾಡಲು ಯಾವ ಬೋಲ್ಟೂ ಇಲ್ಲ. ಅದಕ್ಕೆ ದಪ್ಪ ಪ್ಲೈವುಡ್ ಹಲಗೆಯನ್ನು ಟೇಬಲ್ಲಿನ ಮೇಲೆ ಬೋಲ್ಟ್ ಮಾಡಿ, ತಗ್ಗಿರುವ ಅಂಚಿನ ಕೆಳಗೆ ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಕತ್ತರಿಸಿದ ತಗಡು ತುರುಕಿ. ಅದೂ ಸುಮಾರು 0.1 ಮಿ.ಮೀ. ದಪ್ಪವೇ. ನಾನು ಮುಂದಿನ ಅಂಚನ್ನು ಬೇಕೆಂದೇ ಒಂದು ತಗಡಿನಷ್ಟು ಎತ್ತರ ಇಡುತ್ತೇನೆ. ಹಿಡಿ ಒತ್ತಿದಾಗ ಇಂಥ ಟೇಬಲ್ಲಿನ ಮುಂಭಾಗ ತಗ್ಗುತ್ತದೆ. ಟೇಬಲ್ಲನ್ನು ಪಕ್ಕಕ್ಕೆ ತಿರುಗಿಸಿದರೆ ಅಥವಾ ಮೇಲೆ ಕೆಳಗೆ ಮಾಡಿದರೆ ಒಮ್ಮೆ ಕಂಬಿ ಹಾಕಿ ನೋಡಿಕೊಳ್ಳಿ, ಎರಡೇ ನಿಮಿಷದ ಕೆಲಸ.

ಟೇಬಲ್ಲನ್ನು ಆದಷ್ಟು ಮೇಲಕ್ಕೆ ತಂದೇ ಕೆಲಸ ಮಾಡಿ. ಸ್ಪಿಂಡಲ್ ಹೊರಗೆ ಬಂದಷ್ಟೂ ಅಲುಗಾಟ ಜಾಸ್ತಿ.

ವೇಗ

ಮುಚ್ಚಳದೊಳಗೆ ಪಟ್ಟಿ ಅಂಟಿಸಿದ್ದರೂ ಬೆಲ್ಟ್ ಬದಲಿಸಲು ಎಲ್ಲರಿಗೂ ಸೋಮಾರಿತನ. ಮೆತ್ತನೆ ಉಕ್ಕಿಗೆ ಸಾಮಾನ್ಯ ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಬಿಟ್ ಆದರೆ 8000ವನ್ನು ಬಿಟ್‌ನ ಮಿ.ಮೀ. ಅಳತೆಯಿಂದ ಭಾಗಿಸಿ. 10 ಮಿ.ಮೀ.ಗೆ ನಿಮಿಷಕ್ಕೆ 800 ಸುತ್ತು, 5 ಮಿ.ಮೀ.ಗೆ 1600. ಅಲ್ಯೂಮಿನಿಯಂಗೆ ಇದರ ಎರಡು ಪಟ್ಟು ಓಡಿಸಬಹುದು. ಅಗ್ಗದ ಮೆಷೀನಿನ ಅತಿ ಕಡಿಮೆ ವೇಗವೇ 500ರ ಆಸುಪಾಸು ಇರುವುದುಂಟು. ಹಾಗಾಗಿ 30 ಮಿ.ಮೀ. ಹೋಲ್ ಸಾ (ಅಂಚಿಗೆ ಹಲ್ಲಿರುವ ಬಟ್ಟಲಿನಂಥ ಗರಗಸ) ಹಾಕಿ ಉಕ್ಕು ಕೊರೆಯುತ್ತೇನೆಂದು ಹೊರಟರೆ ಹಲ್ಲು ಸುಟ್ಟುಹೋಗುವುದಷ್ಟೇ. ಚಕ್ 13 ಮಿ.ಮೀ. ಹಿಡಿಯುತ್ತದೆ ನಿಜ, ಆದರೆ ಉಕ್ಕಿನಲ್ಲಿ ನಾನು 10 ದಾಟುವುದಿಲ್ಲ.

ಕೊರೆಯುವಾಗ

ತೂತಿನ ಜಾಗಕ್ಕೆ ಸೆಂಟರ್ ಪಂಚ್ (ಗುಳಿ ಮಾಡುವ ಚೂಪು ಮೊಳೆ) ಹೊಡೆಯಿರಿ. ದೊಡ್ಡ ತೂತಾದರೆ ಮೊದಲು ಸಣ್ಣದೊಂದು ಹಾಕಿ. ಬಿಟ್‌ನ ನಟ್ಟನಡುವಿನ ಚಪ್ಪಟೆ ತುದಿ ಕತ್ತರಿಸುವುದಿಲ್ಲ, ಒತ್ತಿ ಉಜ್ಜುತ್ತದೆ ಅಷ್ಟೆ. ಆ ತುದಿಯಷ್ಟು ಅಗಲದ ದಾರಿ ಸಾಕು, ಅದಕ್ಕಿಂತ ದೊಡ್ಡದಾದರೆ ಬಿಟ್ ಕಚ್ಚಿಕೊಳ್ಳುತ್ತದೆ. ಚಿನ್ನದ ಬಣ್ಣದ ನೂರು ಬಿಟ್‌ಗಳ ಪೆಟ್ಟಿಗೆ ಬೇಡವೇ ಬೇಡ. ಒಳ್ಳೆಯ ಬಿಟ್ ಐದಾರು ಇದ್ದರೆ ಸಾಕು.

ಉಕ್ಕಿಗೆ ಎಣ್ಣೆ, ಅಲ್ಯೂಮಿನಿಯಂಗೆ ಒಂದೆರಡು ಹನಿ ಸೀಮೆಎಣ್ಣೆ, ಎರಕದ ಕಬ್ಬಿಣಕ್ಕೆ ಏನೂ ಬೇಡ. ಎರಡೂ ಕಡೆಯಿಂದ ಸಮನಾದ ಸುರುಳಿ ಬರುತ್ತಿದ್ದರೆ ಎಲ್ಲ ಸರಿ ಇದೆ. ಕಿರ್ ಅಂತ ಕಿರುಚಿ ಪುಡಿ ಉದುರಿದರೆ ಬಿಟ್ ಮೊಂಡಾಗಿದೆ, ಇಲ್ಲವೇ ನೀವು ಸಾಕಷ್ಟು ಒತ್ತುತ್ತಿಲ್ಲ. ಸ್ಟೇನ್‌ಲೆಸ್ ಉಕ್ಕಿನಲ್ಲಂತೂ ಹಗುರಾಗಿ ಸವರುತ್ತಾ ನಿಂತರೆ ಅದು ಇನ್ನಷ್ಟು ಗಡಸಾಗುತ್ತದೆ. ನಿಧಾನ ವೇಗ, ಬಲವಾದ ಒತ್ತಡ.

ಅಪಾಯ ಇರುವುದು ಕೊನೆಯ ಒಂದು ಮಿ.ಮೀ.ನಲ್ಲಿ. ಬಿಟ್‌ನ ಮೂತಿ ಆಚೆ ಬಂದ ಕೂಡಲೇ ತಡೆ ಹೋಗುತ್ತದೆ, ನಿಮ್ಮ ಕೈಯ ಭಾರ ಹಾಗೇ ಇರುತ್ತದೆ. ಬಿಟ್ ಸ್ಕ್ರೂ ಥರ ಉಳಿದ ಅಂಚಿಗೆ ನುಗ್ಗಿ ಕಚ್ಚುತ್ತದೆ. ಕೈಯಲ್ಲಿ ಹಿಡಿದ ತಗಡು ಆಗ ಫ್ಯಾನಿನ ರೆಕ್ಕೆ. ನನ್ನ ಎಡಗೈ ಹೆಬ್ಬೆರಳ ಬುಡದಲ್ಲಿ ಅದರ ಗುರುತು ಇನ್ನೂ ಇದೆ. ಮೂತಿ ಹೊರಬರುವ ಹೊತ್ತಿಗೆ ಒತ್ತಡ ಸಡಿಲಿಸಿ. ಕೆಳಗೆ ಮರದ ತುಂಡು ಇಡಿ. ತೆಳು ತಗಡನ್ನು ಎರಡು ಹಲಗೆಗಳ ನಡುವೆ ಇಟ್ಟು ಕ್ಲಾಂಪ್ ಮಾಡಿ, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಬಿಟ್ ಬಳಸಿ.

ವೈಸ್ ಇದ್ದರೆ ಅದನ್ನೂ ಟೇಬಲ್ಲಿಗೆ ಬೋಲ್ಟ್ ಮಾಡಬೇಕು. ಉದ್ದನೆಯ ಪಟ್ಟಿಯನ್ನು ಕಂಬದ ಎಡಪಕ್ಕಕ್ಕೆ ಒರಗಿಸಿ ಇಡಿ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಕಚ್ಚಿಕೊಂಡರೂ ಪಟ್ಟಿಯ ಎಡತುದಿ ಹಿಂದಕ್ಕೆ ಹೋಗಿ ಕಂಬಕ್ಕೆ ತಾಗಿ ನಿಲ್ಲುತ್ತದೆ. ಬಲಕ್ಕೆ ಇಟ್ಟಿದ್ದರೆ ಆ ತುದಿ ನಿಮ್ಮ ಹೊಟ್ಟೆಗೇ ಬರುತ್ತದೆ. ಕೈಗವಸು ಹಾಕಬೇಡಿ, ಬಿಟ್ ಬಟ್ಟೆಯನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕನ್ನಡಕ ಹಾಕಿ.

ಇದೇ ಮೆಷೀನಿನಲ್ಲಿ ಮಿಲ್ಲಿಂಗ್ ಕಟ್ಟರ್ ಹಾಕಿ ಪಕ್ಕಕ್ಕೆ ಕೆತ್ತಬಹುದಾ ಅಂತ ಕೇಳುವವರು ಬಹಳ. ಬೇಡ. ಚಕ್ ನಿಂತಿರುವುದು ಬರೀ ಆ ಕೋನದ ಹಿಡಿತದಿಂದ. ಪಕ್ಕದಿಂದ ಅದುರುತ್ತಾ ಒತ್ತಿದರೆ ಸಡಿಲವಾಗಿ, ತಿರುಗುತ್ತಲೇ ಕಳಚಿ ಬೀಳುತ್ತದೆ. ಇನ್ನು ಚಕ್‌ನ ಹಲ್ಲು ಬಿಗಿಯುವ ಕೀಲಿ. ಅದನ್ನು ನಾನು ಪ್ಲಗ್‌ನ ವೈರಿಗೇ, ಪ್ಲಗ್‌ನ ಪಕ್ಕದಲ್ಲೇ ಸಣ್ಣ ಹಗ್ಗದಿಂದ ಕಟ್ಟಿದ್ದೇನೆ. ಪ್ಲಗ್ ಕೀಳದೆ ಕೀಲಿ ಚಕ್ ತನಕ ಮುಟ್ಟುವುದಿಲ್ಲ.