ಮುಸುರೆ ಬಕೆಟ್ಟಿಗೂ ಟಿಪ್ಸ್ ಡಬ್ಬಿಗೂ ಗಂಟು ಹಾಕಿದ ನನ್ನ ಅನುಭವ

ಬಫೆ ನಡೆಸುವವರಿಗೆ ಮುಸುರೆ ಬಕೆಟ್ಟಿನ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ಮೂರೂವರೆಗೆ ಹಿತ್ತಿಲಿಗೆ ಹೋಗಿ ಇಣುಕಿದರೆ ಆ ದಿನದ ಲಾಭವೆಲ್ಲ ಅದರೊಳಗೆ ಸಾಂಬಾರಿನಲ್ಲಿ ನೆನೆಯುತ್ತಿರುತ್ತದೆ. ಮುಟ್ಟದ ಜಾಮೂನು, ತುದಿ ಮಾತ್ರ ಮುರಿದ ಕಡುಬು, ಗುಡ್ಡೆ ಗುಡ್ಡೆ ಪಲಾವು. ಅದೇ ಹೊತ್ತಿಗೆ ಗಲ್ಲಾದ ಪಕ್ಕದ ಟಿಪ್ಸ್ ಡಬ್ಬಿಯನ್ನು ಅಲುಗಾಡಿಸಿದರೆ ನಾಲ್ಕು ನಾಣ್ಯಗಳ ಸದ್ದು. ಈ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಎಳೆದದ್ದು ಹೇಗೆ ಎಂದು ಬರೆಯುತ್ತಿದ್ದೇನೆ. ಆಗದ ಕೆಲಸ ಎಂದು ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ.

ನನ್ನದು ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ರಸ್ತೆಯಲ್ಲಿ, ಆಯನೂರು ದಾಟಿದ ಮೇಲೆ ಸಿಗುವ ಅರವತ್ತು ಕುರ್ಚಿಯ ಹೋಟೆಲು. 2021ರ ಕೊನೆಗೆ, ಲಾಕ್‌ಡೌನ್ ಗಲಾಟೆ ಮುಗಿದ ಮೇಲೆ, ಮಧ್ಯಾಹ್ನದ ಊಟವನ್ನು ಬಫೆ ಮಾಡಿದೆ. ಆಗ ತಲೆಗೆ 180 ರೂಪಾಯಿ, ಈಗ 240. ವಾರದ ದಿನಗಳಲ್ಲಿ ನೂರಹತ್ತು, ನೂರಿಪ್ಪತ್ತು ಊಟ. ಭಾನುವಾರ ಮತ್ತು ಜೋಗದಲ್ಲಿ ನೀರು ಧುಮುಕುವ ತಿಂಗಳುಗಳಲ್ಲಿ ಇನ್ನೂರರ ಮೇಲೆ. ಶಿವಮೊಗ್ಗದಲ್ಲಿ ತಿಂಡಿ ಹೋಟೆಲು ನಡೆಸುವ ನನ್ನ ಭಾವ ಅಂದೇ ಹೇಳಿದ್ದ: "ಭಾವಯ್ಯ, ಬಫೆ ಎಂದರೆ ಬೇಲಿ ಕಿತ್ತು ಗದ್ದೆಗೆ ಹಂದಿ ಕರೆದ ಹಾಗೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚಾಗುತ್ತದೆ."

ಮೊದಲ ವರ್ಷ ಅವನ ಮಾತೇ ಗೆದ್ದಿತು. ದಿನಕ್ಕೆ 16 ಕಿಲೋ ಮುಸುರೆ. ಕಿಲೋಗೆ 60 ರೂಪಾಯಿ ಎಂದು ಹಿಡಿದರೂ ಸಾವಿರಕ್ಕೆ ಹತ್ತಿರ. ಐದು ಶೇಕಡಾ ಜಿಎಸ್‌ಟಿ ಕಟ್ಟುವ ನಮಗೆ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆ ಮರಳಿ ಸಿಗುವುದಿಲ್ಲ. ಸಿಲಿಂಡರಿನ ಮೇಲಿನ 18 ಶೇಕಡಾ ಕೂಡ ಅನ್ನದ ಮೇಲೆಯೇ ಬೀಳುತ್ತದೆ. ಚೆಲ್ಲಿದ ಪ್ರತಿ ಸೌಟಿಗೂ ಗ್ಯಾಸು, ತೆರಿಗೆ, ಕೂಲಿ ಎಲ್ಲ ಸೇರಿರುತ್ತದೆ ಎಂಬುದನ್ನು ಗಿರಾಕಿಗೆ ಹೇಳಲಾಗುತ್ತದೆಯೇ?

ಮೊದಲು ಮಾಡಿದ್ದು ಎಲ್ಲರೂ ಮಾಡುವ ದಡ್ಡತನ. "ತಟ್ಟೆಯಲ್ಲಿ ಬಿಟ್ಟರೆ 50 ರೂಪಾಯಿ ದಂಡ" ಎಂದು ಬೋರ್ಡು ಬರೆಸಿದೆ. ಮೂರು ತಿಂಗಳಲ್ಲಿ ವಸೂಲಾದದ್ದು ಆರುನೂರೋ ಏಳುನೂರೋ. ಬೋರ್ಡಿಗೇ ಅದಕ್ಕಿಂತ ಹೆಚ್ಚು ಖರ್ಚಾಗಿತ್ತು. ದಂಡ ಕೇಳಿದ ಮೇಲೆ ಒಂದು ಕುಟುಂಬ ಗಲ್ಲಾದ ಮುಂದೆ ಅರ್ಧ ಗಂಟೆ ಜಗಳವಾಡಿ, ಕಾರು ಹತ್ತುವ ಮೊದಲೇ ಗೂಗಲ್‌ನಲ್ಲಿ ಒಂದು ನಕ್ಷತ್ರ ಕೊಟ್ಟು ಹೋಯಿತು. ಜನ ಬಿಡುವುದನ್ನೂ ನಿಲ್ಲಿಸಲಿಲ್ಲ, ಅಡಗಿಸುವುದನ್ನು ಕಲಿತರು. ಕೈ ಒರೆಸುವ ಕಾಗದದಲ್ಲಿ ಸುತ್ತಿದ ಪೂರಿ ಮೇಜಿನ ಕೆಳಗೆ ಸಿಕ್ಕಿತು. ಬಾಗಿಲ ಪಕ್ಕದ ಕ್ರೋಟನ್ ಕುಂಡದಲ್ಲಿ ಇರುವೆ ಸಾಲು ಕಂಡು ಮಣ್ಣು ಕೆದಕಿದರೆ ಐದು ಜಾಮೂನು, ಒಂದರ ಪಕ್ಕ ಒಂದು, ಬಿತ್ತಿದ ಹಾಗೆ. ಆ ದಿನವೇ ಬೋರ್ಡು ಕಿತ್ತು ಸೌದೆ ಕೊಟ್ಟಿಗೆಗೆ ಎಸೆದೆ.

ಟಿಪ್ಸ್ ಕತೆ ಇನ್ನೊಂದು. ಬಫೆಗೆ ಬಂದವರ ವಾದ ಸರಳ: ನಾವೇ ಎದ್ದು ಹೋದೆವು, ನಾವೇ ಬಡಿಸಿಕೊಂಡೆವು, ಟಿಪ್ಸ್ ಯಾರಿಗೆ? ಖಾಲಿ ತಟ್ಟೆ ಎತ್ತುವ ಕ್ಲೀನರ್, ನೀರು ತುಂಬುವ ಸಪ್ಲೈಯರ್, ಹಿಂದೆ ಪಾತ್ರೆ ತಿಕ್ಕುವ ಅಕ್ಕಂದಿರು ಅವರ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲರೂ ಫೋನಿನಿಂದ ಹಣ ಹಾಕಲು ಶುರು ಮಾಡಿದ ಮೇಲೆ ಸೋಂಪಿನ ತಟ್ಟೆಯಲ್ಲಿ ಉಳಿಯುತ್ತಿದ್ದ ಚಿಲ್ಲರೆಯೂ ಹೋಯಿತು. ದಿನಕ್ಕೆ ಅರವತ್ತು, ಎಪ್ಪತ್ತು ರೂಪಾಯಿ ಬಿದ್ದರೆ ಹೆಚ್ಚು. 2022ರ ಆರಂಭದಲ್ಲಿ ಬಿಲ್ಲಿಗೆ ಐದು ಶೇಕಡಾ ಸೇವಾ ಶುಲ್ಕ ಸೇರಿಸಿ ನೋಡಿದೆ. ಗಿರಾಕಿಗಳು ಮುಖ ಗಂಟಿಕ್ಕಿದರು. ಆ ವರ್ಷದ ಜುಲೈಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಬಿಲ್ಲಿಗೆ ತಾನಾಗಿ ಸೇವಾ ಶುಲ್ಕ ಸೇರಿಸಬಾರದು ಎಂದಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾನು ಹೈಕೋರ್ಟಿನವರೆಗೆ ಕಾಯಲಿಲ್ಲ, ಜುಲೈಯಲ್ಲೇ ತೆಗೆದೆ.

ಅಮೆರಿಕದಲ್ಲಿ ಮಗಳಿರುವ ಒಬ್ಬ ನಿವೃತ್ತ ಮೇಷ್ಟ್ರು ನಮ್ಮ ಖಾಯಂ ಗಿರಾಕಿ. ಅಲ್ಲಿ ಬಫೆಯಲ್ಲೂ ಟಿಪ್ಸ್ ಇಡುತ್ತಾರೆ, ಮೇಜಿಗೇ ತಂದು ಬಡಿಸುವ ಹೋಟೆಲಿಗಿಂತ ಕಡಿಮೆ ಅಷ್ಟೇ ಎಂದರು. ಅಲ್ಲಿನ ಕತೆ ಬೇರೆ. ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ಕೊಡಲೇಬೇಕಾದ ಕೂಲಿ ಅವರ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್, 1991ರಿಂದ ಅಲ್ಲೇ ನಿಂತಿದೆಯಂತೆ. ಉಳಿದದ್ದು ಗಿರಾಕಿಯ ಕೈಯಿಂದ ಬರುತ್ತದೆಂಬ ಲೆಕ್ಕ, ಕಡಿಮೆ ಬಿದ್ದರೆ ಮಾಲೀಕ ತುಂಬಬೇಕು. ನಾವು ಸಂಬಳ, ಊಟ, ಮಲಗಲು ಜಾಗ ಕೊಡುತ್ತೇವೆ. ಇಲ್ಲಿ ಟಿಪ್ಸ್ ಎಂದರೆ ಖುಷಿಯಿಂದ ಕೊಟ್ಟ ಬಕ್ಷೀಸು. ಖುಷಿ ಹುಟ್ಟಿಸದೆ ಡಬ್ಬಿ ಇಟ್ಟರೆ ಅದು ದೇವರಿಲ್ಲದ ಗುಡಿಯ ಹುಂಡಿ.

ದಾರಿ ಹೊಳೆದದ್ದು ತೀರ್ಥಹಳ್ಳಿ ಕಡೆಯ ಒಂದು ಮದುವೆ ಮನೆಯಲ್ಲಿ. ನಾನು ಹುಡುಗನಾಗಿದ್ದಾಗ ಪಂಕ್ತಿಯಲ್ಲಿ ಉಪ್ಪು ಬಡಿಸಿದವನು. ಉಪ್ಪು, ಉಪ್ಪಿನಕಾಯಿ ಎಂದರೆ ಹುಡುಗರ ಪಾಲಿನ ಕೆಲಸ. ಅಂದು ಎಲೆ ಮುಂದೆ ಕುಳಿತು ಸುಮ್ಮನೆ ನೋಡಿದೆ. ಪಲ್ಯ, ಕೋಸಂಬರಿ ಬರುವುದು ಚಿಟಿಕೆಯಷ್ಟು. ರುಚಿ ಹಿಡಿಸಿದವನು ಎರಡನೇ ಸುತ್ತಿನಲ್ಲಿ ಕೇಳಿ ಹಾಕಿಸಿಕೊಳ್ಳುತ್ತಾನೆ. ಬೇಡವಾದವನು ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ. ಪಕ್ಕದವನ ಊಟ ಮುಗಿಯದೆ ಏಳುವಂತಿಲ್ಲ. ನಡುವೆ ಯಜಮಾನರು ಬಂದು "ಸಾವಕಾಶ ಆಗಲಿ" ಎಂದು ಉಪಚಾರ ಹೇಳಿ ಹೋಗುತ್ತಾರೆ. ಆ ಪಂಕ್ತಿಯಲ್ಲಿ ಎದ್ದ ಎಲೆಗಳಲ್ಲಿ ಕರಿಬೇವು, ಮೆಣಸಿನಕಾಯಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅದೇ ಜನ ನನ್ನ ಹೋಟೆಲಿಗೆ ಬಂದರೆ ತಟ್ಟೆಯಲ್ಲಿ ಕೊಡಚಾದ್ರಿ ಕಟ್ಟುತ್ತಾರೆ! ರುಚಿ ಗೊತ್ತಿಲ್ಲದೆ ತುಂಬಿಕೊಳ್ಳುವುದು, ಮತ್ತೆ ಎದ್ದು ಹೋಗಲು ಸಂಕೋಚ. ರೋಗ ಇಷ್ಟೇ.

ಮರುದಿನದಿಂದ ಮೊದಲ ಸುತ್ತನ್ನು ಮೇಜಿಗೇ ತಂದು ಬಡಿಸಲು ಹೇಳಿದೆ. ಕೂತ ಕೂಡಲೇ ಸಣ್ಣ ಲೋಟದಲ್ಲಿ ಒಂದೆಲಗದ ತಂಬುಳಿ, ತಟ್ಟೆಗೆ ಒಂದೊಂದು ಚಮಚ ಎರಡು ಪಲ್ಯ, ಒಂದು ಗೊಜ್ಜು, ಒಂದು ಕಡುಬು. ಆಮೇಲೆ ಅವರೇ ಎದ್ದು ಹೋಗಿ ಬೇಕಾದಷ್ಟು ಹಾಕಿಕೊಳ್ಳಲಿ. "ಇದು ಬಫೆಯೋ, ಶ್ರಾದ್ಧದ ಊಟವೋ?" ಎಂದು ಭಾವ ನಕ್ಕ. ಸಪ್ಲೈಯರ್‌ಗಳು ಗೊಣಗಿದರು, ಅವರಿಗೆ ಕೆಲಸ ಹೆಚ್ಚಿತ್ತು. ಆದರೆ ಹತ್ತು ದಿನದಲ್ಲಿ ಬಕೆಟ್ಟು 16ರಿಂದ 11 ಕಿಲೋಗೆ ಇಳಿಯಿತು. ಬಡಿಸಿದ ಕೈಯೊಂದು ಕಣ್ಣಿಗೆ ಬಿದ್ದದ್ದರಿಂದ ಟಿಪ್ಸ್ ಕೂಡ ನೂರೈವತ್ತು ದಾಟಿತು.

ಇಲ್ಲಿ ಸಣ್ಣ ಸಣ್ಣ ಪ್ರಯೋಗಗಳು ಹಲವು ನಡೆದವು. ತಟ್ಟೆ ಚಿಕ್ಕದು ಮಾಡಿದರೆ ಕಡಿಮೆ ಹಾಕಿಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ನಮ್ಮವರು ಎರಡು ತಟ್ಟೆ ಹಿಡಿದುಕೊಂಡು ಬಂದರು. ಅಡಿಕೆ ಹಾಳೆಯ ತಟ್ಟೆ ತಂದೆ; ನೋಡಲು ಚೆಂದ, ಪ್ರವಾಸಿಗಳು ಫೋಟೊ ತೆಗೆದರು, ಆದರೆ ಒಂದಕ್ಕೆ ನಾಲ್ಕೈದು ರೂಪಾಯಿ ಬಿದ್ದು ಉಳಿತಾಯವೆಲ್ಲ ಅಲ್ಲೇ ಹೋಯಿತು. ಫಲಿಸಿದ್ದು ಸೌಟು. ಪಲಾವಿಗೂ ಸಿಹಿಗೂ ಇದ್ದ ದೊಡ್ಡ ಸೌಟು ತೆಗೆದು ಅದರ ಅರ್ಧದಷ್ಟು ಹಿಡಿಯುವುದನ್ನು ಇಟ್ಟೆ. ಮೂರು ಸಲ ತೋಡುವಷ್ಟರಲ್ಲಿ ಹಿಂದೆ ನಿಂತವರು ನೋಡುತ್ತಾರೆ ಎಂಬ ನಾಚಿಕೆ ಬರುತ್ತದೆ. ಇನ್ನೊಂದು, ಕಳಲೆ, ಅಂದರೆ ಎಳೆ ಬಿದಿರು. ಮೂರು ದಿನ ನೀರು ಬದಲಿಸಿ ನೆನೆಸಿ ಮಾಡಿದ ಕಳಲೆ ಪಲ್ಯವನ್ನು ಬೆಂಗಳೂರಿನವರು ಕುತೂಹಲಕ್ಕೆ ರಾಶಿ ಹಾಕಿಕೊಂಡು, ವಾಸನೆ ನೋಡಿ ಬದಿಗೆ ಸರಿಸುತ್ತಿದ್ದರು. ಈಗ ಕಳಲೆ, ಪತ್ರೊಡೆ ಎರಡನ್ನೂ ಸಾಲಿನಲ್ಲಿ ಇಡುವುದೇ ಇಲ್ಲ. ಕೇಳಿದವರ ಮೇಜಿಗೆ ಹೋಗುತ್ತವೆ. ಸಾಲಿನಲ್ಲಿ ಮೂರನೇ ಪಾತ್ರೆಯಲ್ಲಿ ಏನಿರಬೇಕು ಎಂಬುದರಲ್ಲೂ ಒಂದು ಗುಟ್ಟಿದೆ, ಅದು ನನ್ನ ಹತ್ತಿರವೇ ಇರಲಿ.

ಡಬ್ಬಿಯ ಜಾಗವನ್ನೂ ಬದಲಿಸಿದೆ. ಗಲ್ಲಾದ ಹತ್ತಿರ ಜನರ ಮನಸ್ಸು ಬಿಲ್ಲಿನ ಮೇಲಿರುತ್ತದೆ. ಕೈ ತೊಳೆದು ಬರುವ ಕಡೆ ಒಂದು ಬೆಂಚು ಹಾಕಿ, ಕವಳದ ತಟ್ಟೆ ಇಟ್ಟು, ಅದರ ಪಕ್ಕ ಡಬ್ಬಿ ಇಟ್ಟೆ. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಬಾಯಿಗೆ ಹಾಕಿ ಎರಡು ನಿಮಿಷ ಕೂತವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ದಿನಕ್ಕೆ 80 ರೂಪಾಯಿ ಕವಳಕ್ಕೆ ಖರ್ಚು, ದುಪ್ಪಟ್ಟಿಗಿಂತ ಹೆಚ್ಚು ಹುಟ್ಟುವಳಿ. ವಾರದೊಳಗೆ ಹೊರಗಿನ ಸುಣ್ಣದ ಗೋಡೆ ಕೆಂಪಾಯಿತು ಎಂಬುದನ್ನೂ ಹೇಳಬೇಕು. ಮರಳು ತುಂಬಿದ ಬಕೆಟ್ಟು ಇಟ್ಟ ಮೇಲೆ ಪರವಾಗಿಲ್ಲ. ಫೋನಿನಲ್ಲಿ ಹಾಕುವವರಿಗೆ ಬೇರೆ ಕ್ಯೂಆರ್ ಕೋಡ್ ಅಂಟಿಸಿದೆ. ಮೊದಲು ಅದು ಹಿರಿಯ ಸಪ್ಲೈಯರ್‌ನ ಖಾತೆಗೆ ಹೋಗುತ್ತಿತ್ತು. ಅವನು ಹಬ್ಬಕ್ಕೆ ಊರಿಗೆ ಹೋದವನು ಮರಳಲಿಲ್ಲ, ಮೂರೂವರೆ ಸಾವಿರವೂ ಮರಳಲಿಲ್ಲ. ಈಗ ಒಬ್ಬ ಸಪ್ಲೈಯರ್, ಒಬ್ಬ ಪಾತ್ರೆಯ ಅಕ್ಕ, ಇಬ್ಬರ ಜಂಟಿ ಖಾತೆ.

ಹಂಚಿಕೆಯಲ್ಲಿ ಹೋದ ಮಾನ ಹೇಳತೀರದು. ಮೊದಲು ಹೊರಗೆ ಓಡಾಡುವವರಿಗೆ ಮಾತ್ರ ಕೊಟ್ಟೆ, ಪಾತ್ರೆ ತಿಕ್ಕುವ ಇಬ್ಬರೂ ಒಂದೇ ದಿನ ಬಿಟ್ಟು ಹೋದರು. ಎಲ್ಲರಿಗೂ ಸಮ ಎಂದೆ, ಸಪ್ಲೈಯರ್‌ಗಳು ಮುನಿದರು. ಕೊನೆಗೆ ಪಾಲು ಕಟ್ಟಿದೆ: ನಾಲ್ಕು ಸಪ್ಲೈಯರ್, ಇಬ್ಬರು ಕ್ಲೀನರ್, ಪಾತ್ರೆಯ ಇಬ್ಬರು ಅಕ್ಕಂದಿರು, ಇವರಿಗೆ ಮೂರು ಮೂರು ಪಾಲು, ಅಡುಗೆಯ ಮೂವರಿಗೆ ಎರಡೆರಡು. ಒಟ್ಟು ಮೂವತ್ತು. ಅಡುಗೆ ಭಟ್ಟರು ಒಂದು ವಾರ ಸಾರಿಗೆ ಉಪ್ಪು ಕಡಿಮೆ ಹಾಕಿ ಸಿಟ್ಟು ತೀರಿಸಿಕೊಂಡರು.

ಗಂಟು ಹಾಕಿದ್ದು ಇದಾದ ಮೇಲೆ. ಮುಸುರೆ ದಿನಕ್ಕೆ 8 ಕಿಲೋಗಿಂತ ಎಷ್ಟು ಕಿಲೋ ಕಡಿಮೆಯೋ ಅಷ್ಟಕ್ಕೆ ಕಿಲೋಗೆ 30 ರೂಪಾಯಿಯಂತೆ ನನ್ನ ಜೇಬಿನಿಂದ ಟಿಪ್ಸ್ ಡಬ್ಬಿಗೆ ಹಾಕುತ್ತೇನೆ ಎಂದೆ. ಮೊದಲ ತಿಂಗಳು ತೂಕ ಸರಸರನೆ ಎರಡು ಕಿಲೋಗೆ ಬಂತು. ಹೊಗಳಿಕೊಂಡು ತಿರುಗಾಡಿದೆ. ಹಿಂದಿನ ಹಳ್ಳದ ಹತ್ತಿರ ಕಾಗೆ, ನಾಯಿಗಳ ಜಾತ್ರೆ ಕಂಡ ಮೇಲೆ ಗೊತ್ತಾಯಿತು, ಅನ್ನವೆಲ್ಲ ಬಕೆಟ್ಟಿಗೆ ಬದಲು ಹಳ್ಳಕ್ಕೆ ಹೋಗುತ್ತಿತ್ತು. ಬೈಯಲಿಲ್ಲ. ಮುಸುರೆ ಒಯ್ಯುವ ಹಂದಿ ಸಾಕುವವನ ಕೈಗೇ ತಕ್ಕಡಿ ಕೊಟ್ಟೆ. ಅವನಿಗೆ ಹೆಚ್ಚು ಬೇಕು, ಇವರಿಗೆ ಕಡಿಮೆ ಬೇಕು. ಇಬ್ಬರೂ ಮುಳ್ಳನ್ನು ದಿಟ್ಟಿಸಿ ನೋಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಆಮೇಲೆ ಹುಡುಗರು ತಾವೇ ಯಜಮಾನರಾದರು. ತಟ್ಟೆಯಲ್ಲಿ ಗುಡ್ಡ ಕಟ್ಟುವವನನ್ನು ಕಂಡರೆ ಹತ್ತಿರ ಹೋಗಿ ಒಂದು ಮಾತು ಹೇಳುತ್ತಾರೆ. ಆ ಮಾತನ್ನು ನಾನೇ ಕಲಿಸಿದ್ದು, ಎಂಟೇ ಪದ, ಗಿರಾಕಿ ನಕ್ಕು ಸೌಟು ಕೆಳಗಿಡುತ್ತಾನೆ. ಅದನ್ನು ಭಾವನಿಗೂ ಹೇಳಿಲ್ಲ.

ಈಗಿನ ಲೆಕ್ಕ ನೆನಪಿನಿಂದ ಹೇಳುವುದಾದರೆ, ಮುಸುರೆ ದಿನಕ್ಕೆ 5 ಕಿಲೋ ಆಸುಪಾಸು. ಟಿಪ್ಸ್ ವಾರದ ದಿನ 400, ಭಾನುವಾರ ಸಾವಿರದ ಮೇಲೆ. ತಿಂಗಳಿಗೆ ಹದಿನಾಲ್ಕೂವರೆ ಸಾವಿರ. ನಾನು ಸೇರಿಸುವುದು ಎರಡೂವರೆ ಸಾವಿರ. ಪಾಲಿಗೆ 560 ಬಿದ್ದರೆ ಪಾತ್ರೆಯ ಅಕ್ಕನಿಗೆ 1,700 ಹತ್ತಿರ. ಮುಸುರೆ ಇಳಿದದ್ದರಿಂದ ನನಗೆ ಉಳಿಯುವುದು, ಕವಳದ ಖರ್ಚು ಕಳೆಯುವ ಮೊದಲು, ಹದಿನೇಳೆಂಟು ಸಾವಿರ. ಎರಡು ವರ್ಷದಿಂದ ಒಬ್ಬರೂ ಕೆಲಸ ಬಿಟ್ಟಿಲ್ಲ. ಹೋಟೆಲಿನವರಿಗೆ ಇದರ ಬೆಲೆ ಗೊತ್ತು.

ಟೂರಿಸ್ಟ್ ಬಸ್ಸಿನವರು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಜೋಗಕ್ಕೆ ಹೊತ್ತಾಯಿತೆಂದು ಐವತ್ತು ಜನ ಒಮ್ಮೆಗೇ ನುಗ್ಗಿದರೆ ಮೊದಲ ಸುತ್ತು ಬಡಿಸಲು ಪುರುಸೊತ್ತೆಲ್ಲಿ? ಆ ದಿನ ಬಕೆಟ್ಟು ಹತ್ತು ದಾಟುತ್ತದೆ.

ಸೋಮವಾರ ರಾತ್ರಿ ಬಾಗಿಲು ಹಾಕಿದ ಮೇಲೆ ಡಬ್ಬಿಯನ್ನು ಮೊರಕ್ಕೆ ಸುರಿದು ಎಲ್ಲರೆದುರು ಎಣಿಸುತ್ತೇವೆ. ಕಳೆದ ವಾರ ಎಣಿಕೆ ಅರ್ಧಕ್ಕೇ ನಿಂತಿತು. ಬಟ್ಟಲಲ್ಲಿ ಕರಗಿ ಉಳಿದ ಐಸ್‌ಕ್ರೀಮನ್ನು ಮುಸುರೆಯ ತೂಕಕ್ಕೆ ಹಿಡಿಯಬಾರದು, ಅದು ನೀರು ಎಂಬುದು ಹುಡುಗರ ವಾದ. ಹಾಲು ಸಕ್ಕರೆಗೆ ದುಡ್ಡು ಕೊಟ್ಟವನು ನಾನು, ಹಿಡಿಯಲೇಬೇಕು ಎಂದೆ. ಹಂದಿ ಸಾಕುವವನನ್ನು ಕೇಳಿದರೆ, ತನ್ನ ಹಂದಿಗಳು ಮೊದಲು ಅದನ್ನೇ ನೆಕ್ಕುತ್ತವೆ ಎಂದ. ಪಾತ್ರೆಯ ಅಕ್ಕ ಮೊರವನ್ನು ಹಾಗೇ ಎತ್ತಿ ಬೀರುವಿನೊಳಗಿಟ್ಟು ಬೀಗ ಹಾಕಿದ್ದಾಳೆ. ಬರುವ ಸೋಮವಾರ ಮತ್ತೆ ಕೂರಬೇಕು.