ಶಿಕ್ಷಕರು ಮನೆಯಲ್ಲಿ ಕೂರುವ ಜಾಗ: ನಾನು ಪರಿಶೀಲಿಸಿದ ಬಗೆ

2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಪರದೆಗೆ ಬಂದ ಮೇಲೆ, ಕತ್ತು ನೋವು, ಭುಜದ ಸೆಳೆತ ಎಂದು ನನಗೆ ಕರೆ ಮಾಡುವವರಲ್ಲಿ ಶಿಕ್ಷಕರೇ ಹೆಚ್ಚಾದರು. ನಾನು ಫಿಸಿಯೋಥೆರಪಿಸ್ಟ್. ವ್ಯಾಯಾಮ ಹೇಳಿಕೊಟ್ಟರೆ ನೋವು ಸ್ವಲ್ಪ ಇಳಿಯುತ್ತಿತ್ತು, ಮತ್ತೆ ಅದೇ ಕುರ್ಚಿಯಲ್ಲಿ ಕೂತ ಮೇಲೆ ಮರಳುತ್ತಿತ್ತು. ಹಾಗಾಗಿ ಅವರು ಕೂರುವ ಜಾಗವನ್ನೇ ನೋಡಲು ಹೊರಟೆ. ಮನೆಗೆ ಹೋಗುವ ಹಾಗಿರಲಿಲ್ಲ. ಫೋಟೊ, ವಿಡಿಯೊ ಕರೆ, ಅವರ ಕೈಯಲ್ಲೊಂದು ಅಳತೆ ಟೇಪು, ಇಷ್ಟೇ ಸಲಕರಣೆ.

ಮೊದಲು ನಾರ್ಡಿಕ್ ಪ್ರಶ್ನಾವಳಿ ತುಂಬಿಸುತ್ತಿದ್ದೆ. 1987ರಿಂದ ಬಳಕೆಯಲ್ಲಿರುವ ಇದು ದೇಹವನ್ನು 9 ಭಾಗ ಮಾಡಿ, ಕಳೆದ 12 ತಿಂಗಳಲ್ಲಿ ಎಲ್ಲೆಲ್ಲಿ ನೋವಿತ್ತು, ಕಳೆದ 7 ದಿನಗಳಲ್ಲಿ ಎಲ್ಲಿದೆ ಎಂದು ಕೇಳುತ್ತದೆ. ಹಳೆಯ ನೋವು ಯಾವುದು, ಈಗಲೂ ಕಾಡುತ್ತಿರುವುದು ಯಾವುದು ಎಂದು ಇದರಿಂದ ಬೇರೆಯಾಗುತ್ತದೆ.

ಕೂರುವ ಜಾಗಕ್ಕೆ ಬಳಸಿದ್ದು ರೋಸಾ. ಕಚೇರಿ ಕೆಲಸದವರಿಗೆಂದೇ ಮಾಡಿದ ಅಂಕಪಟ್ಟಿ ಇದು, ಪ್ರಕಟವಾದದ್ದು 2012ರಲ್ಲಿ. ಕುರ್ಚಿ, ಪರದೆ ಮತ್ತು ಫೋನ್, ಮೌಸ್ ಮತ್ತು ಕೀಬೋರ್ಡ್ ಎಂದು ಮೂರು ಭಾಗ. ಕೊನೆಯ ಅಂಕ 5 ಮುಟ್ಟಿದರೆ ತಡಮಾಡದೆ ಸರಿಪಡಿಸಬೇಕು ಎಂದರ್ಥ. ದಿನಕ್ಕೆ 4 ಗಂಟೆ ಮೀರಿ ಕೂತರೆ ಅದಕ್ಕೂ ಒಂದು ಅಂಕ ಸೇರುತ್ತದೆ.

ಫೋಟೊ ತೆಗೆಸುವುದೇ ನಿಜವಾದ ಕೆಲಸ. "ಮೇಡಂ, ಒಂದು ಫೋಟೊ ಕಳಿಸಿ" ಅಂದರೆ ಯಾರೇ ಆಗಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಅದನ್ನು ಅಳೆದು ಪ್ರಯೋಜನವಿಲ್ಲ. ಹಾಗಾಗಿ ಮೊದಲೇ ಒಪ್ಪಿಗೆ ಪಡೆದು, ತರಗತಿ ಶುರುವಾಗಿ ಅರ್ಧ ಗಂಟೆ ಕಳೆದ ಮೇಲೆ, ಹೇಳದೆ ಕೇಳದೆ ಪಕ್ಕದಿಂದ ತೆಗೆಯಿರಿ ಎಂದು ಮನೆಯವರಿಗೇ ವಹಿಸುತ್ತಿದ್ದೆ. ಕ್ಯಾಮೆರಾ ಮೊಣಕೈ ಎತ್ತರದಲ್ಲಿರಬೇಕು. ಕಿವಿ, ಭುಜ, ಸೊಂಟ, ಮಂಡಿ, ಪಾದ ಎಲ್ಲವೂ ಒಂದೇ ಚಿತ್ರದಲ್ಲಿ ಕಾಣಬೇಕು. ಆಗ ನಿಜವಾದ ಭಂಗಿ ಸಿಗುತ್ತಿತ್ತು: ಗಲ್ಲ ಮುಂದಕ್ಕೆ, ಭುಜ ಕಿವಿಯತ್ತ, ಬೆನ್ನಿಗೂ ಕುರ್ಚಿಗೂ ನಡುವೆ ಒಂದು ಗೇಣು ಜಾಗ.

ಕಾರಣ ಹೆಚ್ಚಾಗಿ ಊಟದ ಮೇಜು. ಅದರ ಎತ್ತರ ಸಾಮಾನ್ಯವಾಗಿ 75 ಸೆಂ.ಮೀ. ಆಸುಪಾಸು; ಗಿಡ್ಡ ಮೈಕಟ್ಟಿನವರು ಅದರ ಮೇಲೆ ಟೈಪ್ ಮಾಡಲು ಭುಜ ಎತ್ತಲೇಬೇಕು. ಕುರ್ಚಿಗೆ ಗಟ್ಟಿ ದಿಂಬು ಹಾಕಿ, ಮೊಣಕೈ ಮೇಜಿನ ಮಟ್ಟಕ್ಕೆ ಬಂದ ಮೇಲೆ, ನೇತಾಡುವ ಪಾದಕ್ಕೆ ರಟ್ಟಿನ ಪೆಟ್ಟಿಗೆಯನ್ನೋ ಹಳೆಯ ಪುಸ್ತಕಗಳನ್ನೋ ಕೊಡಿಸುತ್ತಿದ್ದೆ. ಈ ಎರಡನ್ನೂ ಒಟ್ಟಿಗೇ ಮಾಡಬೇಕು. ದಿಂಬು ಮಾತ್ರ ಹಾಕಿದರೆ ತೊಡೆಯ ಕೆಳಭಾಗ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಲ್ಯಾಪ್‌ಟಾಪಿನದು ಬೇರೆ ಕಥೆ: ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕೀಲಿಗಳು ಕೈಗೆಟುಕವು, ಇಳಿಸಿದರೆ ಕತ್ತು ಬಾಗುತ್ತದೆ. ಪ್ರತ್ಯೇಕ ಕೀಬೋರ್ಡ್ ಮತ್ತು ಮೌಸ್ ಬಿಟ್ಟರೆ ಇದಕ್ಕೆ ಸರಿಯಾದ ಪರಿಹಾರ ಕಾಣೆ. ಬೈಫೋಕಲ್ ಕನ್ನಡಕದವರಿಗೆ ಮಾತ್ರ ಪರದೆ ಇನ್ನೂ ತುಸು ಕೆಳಗಿರಲಿ, ಇಲ್ಲವಾದರೆ ಓದಲು ಗಲ್ಲ ಎತ್ತುತ್ತಾರೆ.

ಆದರೆ ಕುರ್ಚಿ, ಮೇಜು ಸರಿಯಾದ ಮೇಲೂ ಕೆಲವರ ಕತ್ತು ನೋವು ಕದಲಲಿಲ್ಲ. ಇಡೀ ದಿನ ಏನೇನು ಮಾಡುತ್ತೀರಿ ಎಂದು ಗಂಟೆಗಂಟೆಗೆ ಬರೆಸಿದಾಗ ಗೊತ್ತಾಯಿತು: ಪಾಠ ಮುಗಿದ ಮೇಲೆ ರಾತ್ರಿ ಮಂಚದ ಮೇಲೆ ಕೂತು, ಮಕ್ಕಳು ಕಳಿಸಿದ ಉತ್ತರಗಳ ಫೋಟೊಗಳನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ತಿದ್ದುತ್ತಿದ್ದರು. ಮೇಜಿನ ಫೋಟೊದಲ್ಲಿ ಇದು ಸಿಗುವುದೇ ಇಲ್ಲ. ಈ ಭಂಗಿಗೆ ರೂಲಾ ಹಾಕಿದೆ. ಕತ್ತು, ಬೆನ್ನು, ಕೈಗಳ ಭಂಗಿಗೆ ಅಂಕ ಕೊಡುವ ಇನ್ನೊಂದು ಪಟ್ಟಿ ಅದು; ಅಂಕ ಹೆಚ್ಚಿದಷ್ಟೂ ಭಂಗಿ ಕೆಟ್ಟದ್ದು. ಕತ್ತು 20 ಡಿಗ್ರಿ ಮೀರಿ ಬಾಗಿದರೆ ಅದರಲ್ಲಿ 3 ಅಂಕ, ಪಕ್ಕಕ್ಕೆ ತಿರುಗಿದ್ದರೆ ಇನ್ನೊಂದು. ಪಾಠದ ಭಂಗಿಗಿಂತ ತಿದ್ದುವ ಭಂಗಿಯೇ ಕೆಟ್ಟದ್ದು ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಶಿಕ್ಷಕರನ್ನು ಕಚೇರಿಯ ನೌಕರರಂತೆ ಕುರ್ಚಿಯೊಂದರಿಂದಲೇ ಅಳೆಯುವುದು ಸಾಲದು ಎನ್ನುವುದು ಇದಕ್ಕೇ. ಶಾಲೆಯಲ್ಲಿ ನಿಂತು, ನಡೆದಾಡಿ ಪಾಠ ಮಾಡುತ್ತಿದ್ದ ದೇಹ ಅದು.

ತಿದ್ದುವ ಕೆಲಸವನ್ನು ಲ್ಯಾಪ್‌ಟಾಪಿಗೆ ವರ್ಗಾಯಿಸಿಕೊಂಡವರಿಗೆ ಬೇಗ ಹಗುರವಾಯಿತು. ಲ್ಯಾಪ್‌ಟಾಪ್ ಇಲ್ಲದೆ ಫೋನಿನಲ್ಲೇ ಪಾಠವನ್ನೂ ಮಾಡುವವರಿಗೆ ಫೋನನ್ನು ಸ್ಟ್ಯಾಂಡಿನಲ್ಲಿಟ್ಟು, ಒಂದೆರಡು ತರಗತಿಯನ್ನಾದರೂ ನಿಂತು ಮಾಡಿ ಎಂದೆ. ನಿಂತರೆ ದನಿಯೂ ಸಲೀಸಾಗಿ ಬರುತ್ತದೆ ಎಂದು ಅವರಲ್ಲಿ ಹಲವರು ತಾವಾಗಿಯೇ ಹೇಳಿದರು.